ಕಪ್ಪು ಮುಚ್ಚಿಗೆ, ಹಸಿರು ಅಂಗಳ: ಮನೆತೋಟಕ್ಕೆ 18 ಸೂತ್ರಗಳು

ಶಿವರಾತ್ರಿ ಕಳೆದರೆ ಅಂಗಳದ ಗಿಡಗಳಿಗೆ ಕಷ್ಟಕಾಲ ಶುರು. ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನದ ಹೊತ್ತಿಗೆ ಆರಿಹೋಗಿರುತ್ತದೆ, ಸಂಜೆಗೆ ದಾಸವಾಳದ ಎಲೆ ಜೋತುಬಿದ್ದಿರುತ್ತದೆ. ಬಿಸಿಲಿಗೆ ತೆರೆದುಕೊಂಡ ಮಣ್ಣಿಗೆ ಎಷ್ಟು ನೀರು ಸುರಿದರೂ ಸಾಲದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಹಾಕಿದ ನೀರನ್ನು ಮಣ್ಣಿನಲ್ಲೇ ಹಿಡಿದಿಡುವುದು ಎಷ್ಟು ಮುಖ್ಯ ಎಂದು ಹೇಳಲು ಬೇರೆ ಉದಾಹರಣೆ ಬೇಕಿಲ್ಲ.

ಹಿಡಿದಿಡುವ ಉಪಾಯ ನಮಗೆ ಹೊಸದಲ್ಲ. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು ತಂದು ಮರದ ಬುಡ ಮುಚ್ಚುವುದು ತಲೆಮಾರುಗಳ ಪದ್ಧತಿ. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿಯಲ್ಲಿ ಬೀಜಾಮೃತ, ಜೀವಾಮೃತದ ಜೊತೆಗೆ ಆಚ್ಛಾದನವೂ (ನೆಲಕ್ಕೆ ಹೊದಿಕೆ) ಒಂದು ಕಂಬ. ಈಚೆಗೆ ನಗರದ ಮನೆಗಳ ಮುಂದೆ ಕಾಣುತ್ತಿರುವ ಕಪ್ಪು ಮುಚ್ಚಿಗೆ (ಮಲ್ಚ್) ಇದೇ ಪದ್ಧತಿಯ ಹೊಸ ರೂಪ. ಕಪ್ಪು ನೆಲದ ಮೇಲೆ ಎಲೆಯ ಹಸಿರು ಎದ್ದು ಕಾಣುತ್ತದೆ, ಹೂವಿನ ಬಣ್ಣಕ್ಕೆ ಇನ್ನಷ್ಟು ಕಳೆ ಬರುತ್ತದೆ. ಆದರೆ ಫೋಟೊ ನೋಡಿ ಚೀಲ ತಂದು ಸುರಿದರೆ ಅಂದ ನಾಲ್ಕು ತಿಂಗಳು ಉಳಿಯಬಹುದು, ಗಿಡ ಉಳಿಯುವ ಖಾತ್ರಿ ಇಲ್ಲ. ಮಣ್ಣಿಗೆ ಏನು ಬೇಕು ಎಂದು ಮೊದಲು ಕೇಳಿ, ಬಣ್ಣವನ್ನು ಆಮೇಲೆ ಆರಿಸಿ. ಕೆಳಗಿನ ಎಲ್ಲ ಸೂತ್ರಗಳ ತಿರುಳು ಇಷ್ಟೇ.

1. ಯಾವ ಕಪ್ಪು ಎಂದು ಮೊದಲು ತೀರ್ಮಾನಿಸಿ

ಮಾರುಕಟ್ಟೆಯಲ್ಲಿ ಕಪ್ಪು ಮುಚ್ಚಿಗೆ ಎಂಬ ಹೆಸರಿನಲ್ಲಿ ಸಿಗುವ ವಸ್ತುಗಳ ಗುಣಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಬಣ್ಣ ಹಾಕಿದ ಮರದ ಚಕ್ಕೆ ನೋಡಲು ಚೆನ್ನ, ನಿಧಾನವಾಗಿ ಕೊಳೆಯುತ್ತದೆ. ಚೆನ್ನಾಗಿ ಕಳಿತ ಎಲೆಗೊಬ್ಬರ ಮತ್ತು ಕಾಫಿ ಸಿಪ್ಪೆಯ ಗೊಬ್ಬರ ಸಹಜವಾಗಿಯೇ ಕಪ್ಪು, ಗಿಡಕ್ಕೆ ಊಟವೂ ಹೌದು. ಸುಟ್ಟ ಭತ್ತದ ಹೊಟ್ಟು ಹಗುರ, ಅಚ್ಚ ಕಪ್ಪು. ಕರಿಕಲ್ಲಿನ ಚೂರು ಕೊಳೆಯುವುದಿಲ್ಲ, ಮಣ್ಣಿಗೆ ಏನನ್ನೂ ಕೊಡುವುದೂ ಇಲ್ಲ. ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ಮತ್ತು ನೇಯ್ದ ವೀಡ್ ಮ್ಯಾಟ್ ಕಳೆ ತಡೆಯಲಷ್ಟೇ. ಹೂಗಿಡ, ಪೊದೆ, ಹಣ್ಣಿನ ಮರಗಳಿರುವ ಅಂಗಳಕ್ಕೆ ಕೊಳೆಯುವ ವಸ್ತುವೇ ಸರಿ. ಹಳೆಯ ಟೈರಿನ ರಬ್ಬರ್ ಚೂರನ್ನು ದೂರವಿಡಿ. ಬಿಸಿಲಿಗೆ ಕಾದು ನಾರುತ್ತದೆ, ಅದರಿಂದ ಸತು ಮಣ್ಣಿಗೆ ಇಳಿಯುತ್ತದೆ, ಬೆಂಕಿ ಹತ್ತಿದರೆ ಆರಿಸುವುದು ಕಷ್ಟ.

2. ಬಿಸಿಲಿನ ದಿಕ್ಕು ನೋಡಿ ಜಾಗ ಹಂಚಿ

ಕಪ್ಪು ಬಿಸಿಲನ್ನು ಹೀರುತ್ತದೆ. ಏಪ್ರಿಲ್ ಮಧ್ಯಾಹ್ನ ಕಪ್ಪು ಮುಚ್ಚಿಗೆಯ ಮೇಲೆ ಅಂಗೈ ಇಟ್ಟು ನೋಡಿ, ಹೆಚ್ಚು ಹೊತ್ತು ಇಡಲಾಗದು. ಆದರೆ ಚಕ್ಕೆ ಅಥವಾ ಎಲೆಗೊಬ್ಬರವಾದರೆ ಆ ಬಿಸಿ ಮೇಲಿನ ಪದರದಲ್ಲೇ ನಿಲ್ಲುತ್ತದೆ. ನಡುವೆ ಸಿಕ್ಕಿಕೊಂಡ ಗಾಳಿ ಶಾಖ ಕೆಳಗಿಳಿಯಲು ಬಿಡುವುದಿಲ್ಲ, ಬೇರಿನ ವಲಯ ತಂಪಾಗಿಯೇ ಇರುತ್ತದೆ. ಮಣ್ಣಿಗೆ ಅಂಟಿಕೊಂಡ ಕಪ್ಪು ಪ್ಲಾಸ್ಟಿಕ್‌ನ ಕಥೆ ಬೇರೆ, ಅದು ಶಾಖವನ್ನು ನೇರವಾಗಿ ನೆಲಕ್ಕೆ ದಾಟಿಸುತ್ತದೆ.

ಬೆಂಗಳೂರು, ಮೈಸೂರು, ಹಾಸನದ ಹವೆಯಲ್ಲಿ ಪೂರ್ವದ ಅಂಗಳಕ್ಕೆ ಕಪ್ಪು ಹೊಂದುತ್ತದೆ. ಪಶ್ಚಿಮದ ಬಿಸಿಲು ಗೋಡೆಗೆ ಬಡಿದು ಮರಳುವ ಕಡೆ ಎಳೆಯ ಗಿಡಗಳಿಗೆ ತಿಳಿ ಬಣ್ಣದ ಹುಲ್ಲು, ಕಬ್ಬಿನ ರವದಿ ಒಳ್ಳೆಯದು. ಕಲಬುರಗಿ, ರಾಯಚೂರು, ಬಳ್ಳಾರಿಯಂಥ 40 ಡಿಗ್ರಿ ದಾಟುವ ಊರುಗಳಲ್ಲಿ ಕಪ್ಪನ್ನು ಮರದ ನೆರಳಿಗೆ, ಬೆಳೆದ ಪೊದೆಯ ಅಡಿಗೆ ಸೀಮಿತಗೊಳಿಸಿ. ಅಲ್ಲಿನ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ಯಾವ ಬಣ್ಣದ್ದಾದರೂ ಮುಚ್ಚಿಗೆ ಬೇಕೇ ಬೇಕು, ಆದರೆ ಬಯಲಿನಲ್ಲಿ ಹುಲ್ಲೇ ಮೇಲು.

3. ಕಳೆ ಕಿತ್ತ ಮೇಲೆಯೇ ಮುಚ್ಚಿ

ಮುಚ್ಚಿಗೆ ಬೆಳಕು ತಡೆದು ಹೊಸ ಬೀಜಗಳನ್ನು ತಡೆಯುತ್ತದೆ. ಈಗಾಗಲೇ ಬೇರೂರಿದ ಗರಿಕೆಯನ್ನು, ಕೊನ್ನಾರಿ ಗಡ್ಡೆಯನ್ನು ಅದು ಕೊಲ್ಲುವುದಿಲ್ಲ. ಕೊನ್ನಾರಿಯ ಮೊಳಕೆ ಸೂಜಿಯಂತೆ ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿ ಮೇಲೆ ಬರುತ್ತದೆ. ಆದ್ದರಿಂದ ಮಣ್ಣು ಹದವಾಗಿರುವಾಗ ಗುದ್ದಲಿಯಿಂದ ಅಗೆದು ಗಡ್ಡೆಗಳನ್ನು ಒಂದೊಂದಾಗಿ ಹೆಕ್ಕಿ. ಎರಡು ವಾರ ಬಿಟ್ಟು ಮತ್ತೆ ಚಿಗುರಿದ್ದನ್ನು ಇನ್ನೊಮ್ಮೆ ತೆಗೆಯಿರಿ. ಆಮೇಲೆ ಆರೆಂಟು ಹಾಳೆ ದಪ್ಪಕ್ಕೆ ಹಳೆಯ ದಿನಪತ್ರಿಕೆ ಹಾಸಿ, ನೀರು ಚಿಮುಕಿಸಿ, ಅದರ ಮೇಲೆ ಮುಚ್ಚಿಗೆ ಹರಡಿ. ಹೊಳಪಿನ ಕಾಗದ, ಟೇಪ್ ಅಂಟಿದ ರಟ್ಟು ಬೇಡ. ಕಾಗದ ಕೆಲವೇ ತಿಂಗಳಲ್ಲಿ ಮಣ್ಣಾಗುತ್ತದೆ, ಅಷ್ಟರಲ್ಲಿ ಕಳೆಯ ಶಕ್ತಿ ಕುಗ್ಗಿರುತ್ತದೆ.

4. ಒದ್ದೆ ನೆಲದ ಮೇಲೆ ಹರಡಿ

ಒಣ ಮಣ್ಣಿನ ಮೇಲೆ ಮುಚ್ಚಿಗೆ ಹಾಕಿದರೆ ಮಣ್ಣು ಒಣಗಿಯೇ ಉಳಿಯುತ್ತದೆ, ಸಣ್ಣ ಮಳೆ ಮೇಲಿನ ಪದರದಲ್ಲೇ ಹೀರಿಹೋಗುತ್ತದೆ. ಹಿಂದಿನ ಸಂಜೆ ಗಿಡಗಳಿಗೆ ಧಾರಾಳವಾಗಿ ನೀರುಣಿಸಿ, ಮರುದಿನ ಬೆಳಗ್ಗೆ ಹರಡಿ. ಹಿಂಗಾರು ಮುಗಿಯುವ ನವೆಂಬರ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಆಗ ನೆಲದಲ್ಲಿ ತೇವ ತುಂಬಿರುತ್ತದೆ, ಅದನ್ನೇ ಬೇಸಿಗೆಗೆ ಕಾಪಿಡಬಹುದು. ಆ ಕಾಲ ತಪ್ಪಿದವರಿಗೆ ಏಪ್ರಿಲ್‌ನ ಮೊದಲ ಜೋರು ಮಳೆಯ ಮರುದಿನ ಇನ್ನೊಂದು ಅವಕಾಶ.

5. ದಪ್ಪ 2ರಿಂದ 3 ಇಂಚು, ಅದಕ್ಕಿಂತ ಹೆಚ್ಚು ಬೇಡ

ಒಂದು ಇಂಚು ಹಾಕಿದರೆ ಕಳೆ ಇಣುಕುತ್ತದೆ. ನಾಲ್ಕೈದು ಇಂಚು ಹಾಕಿದರೆ ಬೇರಿಗೆ ಗಾಳಿ ಸಾಲದು. ಎಲೆಗೊಬ್ಬರದಂಥ ನುಣುಪು ವಸ್ತುವಾದರೆ 2 ಇಂಚು, ಮರದ ಚಕ್ಕೆಯಾದರೆ 3 ಇಂಚು.

ಕೊಳ್ಳುವ ಮುನ್ನ ಲೆಕ್ಕ ಹಾಕಿ. 10 ಅಡಿ ಉದ್ದ, 3 ಅಡಿ ಅಗಲದ ಪಾತಿ ಎಂದರೆ 30 ಚದರ ಅಡಿ. 3 ಇಂಚು ಎಂದರೆ ಕಾಲು ಅಡಿ. ಗುಣಿಸಿದರೆ ಏಳೂವರೆ ಘನ ಅಡಿ, ಅಂದರೆ ಸುಮಾರು 212 ಲೀಟರ್. 50 ಲೀಟರಿನ ಚೀಲ ನಾಲ್ಕು ಸಾಕು, ಸ್ವಲ್ಪ ಕೊರತೆ ಬಿದ್ದರೆ ಮನೆಯ ತರಗೆಲೆ ಸೇರಿಸಿ. ತೂಕದ ಲೆಕ್ಕದಲ್ಲಿ ಕೊಳ್ಳಬೇಡಿ. ಒದ್ದೆ ಚೀಲದಲ್ಲಿ ನೀವು ನೀರಿಗೂ ದುಡ್ಡು ಕೊಟ್ಟಿರುತ್ತೀರಿ. ಲೀಟರ್ ಲೆಕ್ಕವೇ ನ್ಯಾಯವಾದದ್ದು.

6. ಕಾಂಡದ ಬುಡಕ್ಕೆ ಉಸಿರಾಡಲು ಬಿಡಿ

ಗಿಡದ ಕಾಂಡಕ್ಕೆ ಮುಚ್ಚಿಗೆಯನ್ನು ಗೋಪುರದಂತೆ ಪೇರಿಸುವುದು ಎಲ್ಲೆಡೆ ಕಾಣುವ ತಪ್ಪು. ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ, ಇಲಿಗಳಿಗೂ ಗೆದ್ದಲಿಗೂ ಮರೆ ಸಿಗುತ್ತದೆ. ಕಪ್ಪು ಮುಚ್ಚಿಗೆಯಲ್ಲಿ ಇನ್ನೂ ಒಂದು ಅಪಾಯ: ಕಾದ ಪದರ ಎಳೆಯ ಸಸಿಯ ಕತ್ತಿಗೆ ತಾಗಿ ಸುಡುತ್ತದೆ. ಹೂಗಿಡದ ಸುತ್ತ ನಾಲ್ಕು ಬೆರಳು, ಮರದ ಸುತ್ತ ಒಂದು ಗೇಣು ಖಾಲಿ ಬಿಡಿ. ಮಧ್ಯೆ ತಗ್ಗು, ಅಂಚಿನಲ್ಲಿ ಏರು ಇರಲಿ, ತಟ್ಟೆಯ ಹಾಗೆ. ನೀರು ತಾನಾಗಿ ಬೇರಿನ ಕಡೆಗೆ ಹರಿಯುತ್ತದೆ.

7. ಮನೆಯ ಗೋಡೆಯಿಂದ ಒಂದು ಅಡಿ ದೂರ

ಮುಚ್ಚಿಗೆಯ ತೇವ ಮತ್ತು ಮರದ ಚೂರು ಗೆದ್ದಲಿಗೆ ಇಷ್ಟ. ಅದು ಗೋಡೆಗೆ ಒರಗಿಕೊಂಡಿದ್ದರೆ ಗೆದ್ದಲು ಗೋಡೆಯ ಮೇಲೆ ಕಟ್ಟುವ ಮಣ್ಣಿನ ಸುರಂಗ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಬಾಗಿಲ ಚೌಕಟ್ಟಿನವರೆಗೂ ಅದು ಗುಟ್ಟಾಗಿ ಏರುತ್ತದೆ. ಪಾಯದ ಉದ್ದಕ್ಕೂ ಒಂದು ಅಡಿ ಅಗಲದ ಪಟ್ಟಿಯನ್ನು ಖಾಲಿ ಬಿಡಿ ಅಥವಾ ಜಲ್ಲಿ ಹಾಕಿ. ತಿಂಗಳಿಗೊಮ್ಮೆ ಆ ಪಟ್ಟಿಯ ಮೇಲೆ ಕಣ್ಣಾಡಿಸಿ. ರಟ್ಟು, ದಿನಪತ್ರಿಕೆ ಹಾಸುವಾಗಲೂ ಈ ಅಂತರ ಇರಲೇಬೇಕು. ದೀಪಾವಳಿಯ ದಿನಗಳಲ್ಲಿ ಒಣಗಿದ ಚಕ್ಕೆಯ ಮೇಲೆ ನೀರು ಚಿಮುಕಿಸಿಡಿ. ಪಟಾಕಿಯ ಒಂದು ಕಿಡಿ ಬಿದ್ದರೆ ಹೊಗೆಯಾಡುತ್ತಲೇ ಇರುತ್ತದೆ.

8. ಬಣ್ಣದ ಚಕ್ಕೆ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ

ಮೊದಲನೆಯದು, ಯಾವ ಮರ? ಹಳೆಯ ಪ್ಯಾಕಿಂಗ್ ಪೆಟ್ಟಿಗೆ, ಒಡೆದ ಪೀಠೋಪಕರಣ, ಪ್ಲೈವುಡ್ ಚೂರುಗಳನ್ನು ಪುಡಿ ಮಾಡಿ ಕಪ್ಪು ಬಳಿದರೆ ಅದರ ಹಿನ್ನೆಲೆ ಬಣ್ಣದಡಿ ಅಡಗುತ್ತದೆ. ಹುಳ ಹಿಡಿಯದಂತೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಸೇರಿಸಿ ಸಂಸ್ಕರಿಸಿದ ಮರವನ್ನು ಅಮೆರಿಕದಲ್ಲಿ ಮನೆಬಳಕೆಯಿಂದ 2003ರ ಕೊನೆಗೆ ಬಹುಪಾಲು ಕೈಬಿಟ್ಟರು. ಅಂಥ ಹಳೆಯ ಮರ ಮುಚ್ಚಿಗೆಯಾಗಿ ಅಂಗಳಕ್ಕೆ ಬರುವುದು ಯಾರಿಗೂ ಒಳ್ಳೆಯದಲ್ಲ.

ಎರಡನೆಯದು, ಯಾವ ಬಣ್ಣ? ಸಾಮಾನ್ಯವಾಗಿ ಬಳಸುವುದು ಕಾರ್ಬನ್ ಬ್ಲ್ಯಾಕ್, ಅಂದರೆ ಒಂದು ಬಗೆಯ ಮಸಿ. ಅದರಿಂದ ಗಿಡಕ್ಕೆ ತೊಂದರೆ ಇಲ್ಲ. ಉತ್ತರ ಗೊತ್ತಿಲ್ಲದ ಅಂಗಡಿಯಿಂದ ಕೊಳ್ಳಬೇಡಿ.

ಮೂರನೆಯದು, ಬಣ್ಣ ಹಿಡಿದಿದೆಯೇ? ಒಂದು ಚಕ್ಕೆಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಮೊದಲ ಮಳೆಗೆ ನಿಮ್ಮ ಅಂಗಳದ ಕಲ್ಲುಹಾಸೂ ಕಪ್ಪಾಗುತ್ತದೆ. ಹೊಸ ಚಕ್ಕೆ ಹರಡಿದ ಮೇಲೆ ಒಂದೆರಡು ದಿನ ನೀರು ಬೀಳದಂತೆ ನೋಡಿಕೊಳ್ಳಿ, ಬಣ್ಣ ಒಣಗಿ ಕೂರುತ್ತದೆ. ಇಷ್ಟೆಲ್ಲ ಪರೀಕ್ಷೆ ಪಾಸಾದ ಚಕ್ಕೆಯನ್ನೂ ತರಕಾರಿ, ಸೊಪ್ಪಿನ ಮಡಿಗೆ ಹಾಕಬೇಡಿ.

9. ಮನೆಯಲ್ಲೇ ಕಪ್ಪು ತಯಾರಿಸಿ

ಎಲ್ಲಕ್ಕಿಂತ ಒಳ್ಳೆಯ ಕಪ್ಪು ಮುಚ್ಚಿಗೆ ನಿಮ್ಮ ಬೀದಿಯಲ್ಲೇ ಉದುರಿ ಬಿದ್ದಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೊಂಗೆ, ಮಹಾಗನಿ, ಮಳೆಮರಗಳ ಎಲೆ ರಾಶಿ ರಾಶಿಯಾಗಿ ಬೀಳುತ್ತದೆ. ಎಷ್ಟೋ ಕಡೆ ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುತ್ತಾರೆ. ತೆರೆದ ಜಾಗದಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಆ ಪ್ರಕರಣದ ಅರ್ಜಿದಾರರು ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್. ಸುಡುವ ಎಲೆಯನ್ನು ಗಿಡದ ಬುಡಕ್ಕೆ ತರುವುದು ಅವರ ಕಾನೂನು ಹೋರಾಟಕ್ಕೆ ಮನೆಮನೆಯೂ ಸೇರಿಸಬಹುದಾದ ಪಾಲು.

ವಿಧಾನ ಸರಳ. ಗಾಳಿಯಾಡುವ ಜಾಲರಿಯ ಗೂಡು ಅಥವಾ ತೂತು ಮಾಡಿದ ಡ್ರಮ್ ಸಾಕು. ಒಣ ಎಲೆಯನ್ನು ತುಳಿದು ಪುಡಿ ಮಾಡಿ ಅರ್ಧ ಅಡಿ ತುಂಬಿ. ಮೇಲೆ ಸಗಣಿ ನೀರು ಅಥವಾ ಜೀವಾಮೃತ ಚಿಮುಕಿಸಿ. ಮತ್ತೆ ಎಲೆ, ಮತ್ತೆ ಸಗಣಿ ನೀರು. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಬೇಕು. ಹದಿನೈದು ದಿನಕ್ಕೊಮ್ಮೆ ಕೆಳಗಿನದು ಮೇಲೆ ಬರುವಂತೆ ತಿರುವಿ. ಮೊದಲ ವಾರಗಳಲ್ಲಿ ರಾಶಿಯ ಒಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಕ್ರಮೇಣ ಎಲೆಯ ಆಕಾರ ಕರಗುತ್ತದೆ, ನರಗಳಷ್ಟೇ ಉಳಿಯುತ್ತವೆ, ಬಣ್ಣ ಕಂದಿನಿಂದ ಕಪ್ಪಿಗೆ ತಿರುಗುತ್ತದೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ನಾಲ್ಕರಿಂದ ಆರು ತಿಂಗಳಲ್ಲಿ ಸಿದ್ಧ. ಮುಚ್ಚಿಗೆಗಾದರೆ ಪೂರ್ತಿ ಪುಡಿಯಾಗುವ ತನಕ ಕಾಯಬೇಡಿ. ಮುಕ್ಕಾಲು ಭಾಗ ಕಳಿತ, ಅಲ್ಲಲ್ಲಿ ಎಲೆಯ ಚೂರು ಕಾಣುವ ಹದವೇ ಹೆಚ್ಚು ದಿನ ಬಾಳುತ್ತದೆ.

ಇನ್ನೂ ಗಾಢ ಕಪ್ಪು ಬೇಕೆಂದರೆ ನಾಲ್ಕು ಪಾಲು ಎಲೆಗೊಬ್ಬರಕ್ಕೆ ಒಂದು ಪಾಲು ಸುಟ್ಟ ಭತ್ತದ ಹೊಟ್ಟು ಬೆರೆಸಿ. ಮಂಡ್ಯ, ದಾವಣಗೆರೆ, ಗಂಗಾವತಿಯಂಥ ಅಕ್ಕಿ ಗಿರಣಿಗಳಿರುವ ಕಡೆ ಹೊಟ್ಟಿಗೆ ಕೊರತೆಯಿಲ್ಲ. ಬೂದಿ ಬೇಡ, ಇದ್ದಿಲಿನಂತೆ ಕಪ್ಪಗಿರುವುದು ಬೇಕು. ಅದನ್ನು ಒದ್ದೆ ಮಾಡಿಯೇ ಬಳಸಿ, ಒಣಗಿದ್ದರೆ ಗಾಳಿಗೆ ಹಾರಿ ಮನೆಯೊಳಗೆ ಬರುತ್ತದೆ. ಅದರಲ್ಲಿ ಕ್ಷಾರ ಹೆಚ್ಚು. ಹುಳಿ ಮಣ್ಣು ಇಷ್ಟಪಡುವ ಕೇಪಳ, ಗಾರ್ಡೇನಿಯಾ ಗಿಡಗಳಿಗೆ ಹಾಕಬೇಡಿ.

10. ಊರಿನ ವಸ್ತುವನ್ನೇ ಬಳಸಿ

ಕೊಡಗು, ಚಿಕ್ಕಮಗಳೂರಿನವರಿಗೆ ಕಾಫಿ ಸಿಪ್ಪೆ ಕೈಗೆಟುಕುತ್ತದೆ. ಹಸಿಯಾಗಿ ಹಾಕದೆ ಕೊಳೆಸಿ ಕಪ್ಪಾದ ಮೇಲೆ ಹರಡಿ, ಪೊಟ್ಯಾಷ್ ಧಾರಾಳವಾಗಿ ಸಿಗುತ್ತದೆ. ತಿಪಟೂರಿನ ಸುತ್ತ ತೆಂಗಿನ ಸಿಪ್ಪೆಗೆ ಬರವಿಲ್ಲ. ಸಿಪ್ಪೆ ಹಾಸುವಾಗ ಉಬ್ಬಿದ ಬೆನ್ನು ಮೇಲಿರಲಿ. ಬಟ್ಟಲಿನಂತೆ ಮಲಗಿಸಿದರೆ ನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಸಿಪ್ಪೆಯ ಮೇಲೆ ಎಲೆಗೊಬ್ಬರದ ತೆಳು ಪದರ ಎಳೆದರೆ ಕಪ್ಪು ನೆಲದ ನೋಟವೂ ಸಿಕ್ಕಿತು. ದಕ್ಷಿಣ ಕನ್ನಡದಲ್ಲಿ ಕೊಕ್ಕೊ ಬೀಜದ ಸಿಪ್ಪೆ ಸಿಕ್ಕರೆ, ಮನೆಯಲ್ಲಿ ನಾಯಿಯಿದ್ದಲ್ಲಿ ಅದನ್ನು ಮುಟ್ಟಬೇಡಿ. ಅದರಲ್ಲಿರುವ ಥಿಯೊಬ್ರೊಮಿನ್ ನಾಯಿಗೆ ವಿಷ, ಚಾಕೊಲೆಟ್ ವಾಸನೆಗೆ ಅದು ತಿಂದೇ ತಿನ್ನುತ್ತದೆ.

11. ನೀರು ಹಾಕುವಾಗ ಬೆರಳನ್ನು ನಂಬಿ

ಕಪ್ಪು ನೆಲ ಸದಾ ಒದ್ದೆಯಂತೆ ಕಾಣುತ್ತದೆ. ಒಣಗಿದ್ದರೂ ಗೊತ್ತಾಗುವುದಿಲ್ಲ, ತೇವವಿದ್ದರೂ ಗೊತ್ತಾಗುವುದಿಲ್ಲ. ಮುಚ್ಚಿಗೆಯನ್ನು ಸರಿಸಿ ಮಣ್ಣಿಗೆ ಎರಡು ಗೆಣ್ಣು ಬೆರಳು ಇಳಿಸಿ. ತಣ್ಣಗೆ ಅಂಟಿದರೆ ಇವತ್ತು ನೀರು ಬೇಡ. ಮೇಲೆ ಬಿಸಿಬಿಸಿ ಒಣ ಚಕ್ಕೆ, ಅದರಡಿ ಬಿಳಿ ಶಿಲೀಂಧ್ರದ ಎಳೆಗಳು, ಇನ್ನೂ ಕೆಳಗೆ ಒಡೆದರೆ ಉದುರುವ ತೇವದ ಹೆಂಟೆ, ನಡುವೆ ಒಂದೆರಡು ಎರೆಹುಳು. ಏಪ್ರಿಲ್‌ನಲ್ಲೂ ಹೀಗೆ ಕಂಡರೆ ನಿಮ್ಮ ಮುಚ್ಚಿಗೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹನಿ ನೀರಾವರಿ ಕೊಳವೆಯಿದ್ದರೆ ಅದು ಮುಚ್ಚಿಗೆಯ ಅಡಿಯಲ್ಲಿರಲಿ. ಪೈಪಿನಿಂದ ಹಾಕುವವರು ಪದೇಪದೇ ಚಿಮುಕಿಸುವ ಬದಲು ಅಪರೂಪಕ್ಕೆ, ಆಳವಾಗಿ ಉಣಿಸಿ.

12. ಹಸಿ ಚಕ್ಕೆಯನ್ನು ಮಣ್ಣಿಗೆ ಬೆರೆಸಬೇಡಿ

ಮರದ ಚಕ್ಕೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಮಣ್ಣಿಗೆ ಬೆರೆಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡ ಹಳದಿ ತಿರುಗುತ್ತದೆ. ಮೇಲೆ ಹಾಸಿಗೆಯಾಗಿದ್ದರೆ ಆ ಪರಿಣಾಮ ಮೇಲ್ಪದರಕ್ಕಷ್ಟೇ. ಹೊಸ ಸಸಿ ನೆಡುವಾಗ ಚಕ್ಕೆಯನ್ನು ಬದಿಗೆ ಸರಿಸಿ, ನೆಟ್ಟು, ಮತ್ತೆ ಎಳೆಯಿರಿ. ಗೊಬ್ಬರ ಕೊಡುವಾಗಲೂ ಅಷ್ಟೇ: ಮುಚ್ಚಿಗೆ ಸರಿಸಿ ಮಣ್ಣಿಗೇ ಕೊಡಿ. ನೆನೆಸಿದ ಕಡಲೆಕಾಯಿ ಹಿಂಡಿಯ ತಿಳಿಯನ್ನು ತಿಂಗಳಿಗೊಮ್ಮೆ ಉಣಿಸಿದರೆ ಕೊರತೆ ಕಾಡದು. ಬೇವಿನ ಹಿಂಡಿಯಾದರೆ ಗೆದ್ದಲಿನ ಹಾವಳಿಯೂ ತಗ್ಗುತ್ತದೆ.

13. ಪ್ಲಾಸ್ಟಿಕ್ ಹಾಳೆ ತರಕಾರಿ ಮಡಿಗೆ ಮಾತ್ರ

ಕೋಲಾರದ ಟೊಮೆಟೊ ಹೊಲಗಳಲ್ಲಿ ಉದ್ದಕ್ಕೂ ಮಿನುಗುವ ಹಾಳೆ ನೋಡಿರುತ್ತೀರಿ. ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು. ಕಪ್ಪು ಕಳೆಯನ್ನು ತಡೆಯುತ್ತದೆ, ಬೆಳ್ಳಿ ಬಿಸಿಲನ್ನು ಹಿಂದಕ್ಕೆ ಎಸೆದು ಬಿಳಿ ನೊಣ, ಥ್ರಿಪ್ಸ್‌ಗಳನ್ನು ಗಲಿಬಿಲಿಗೊಳಿಸುತ್ತದೆ. ಮನೆಯ ಟೊಮೆಟೊ, ಮೆಣಸಿನ ಮಡಿಗೂ ಇದೇ ಹಾಳೆ ಒಳ್ಳೆಯದು, ಬೆಳ್ಳಿ ಮುಖ ಮೇಲಿರಲಿ. 25ರಿಂದ 30 ಮೈಕ್ರಾನ್ ದಪ್ಪದ್ದನ್ನು ಆರಿಸಿ. ತೀರಾ ತೆಳುವಾದದ್ದು ಚೂರುಚೂರಾಗಿ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಬೆಳೆ ಮುಗಿದ ಕೂಡಲೇ ಪೂರ್ತಿ ಎತ್ತಿ ಮರುಬಳಕೆಗೆ ಕೊಡಿ, ಸುಡಬೇಡಿ. ಗುಲಾಬಿ, ಮಲ್ಲಿಗೆ, ಪಾರಿಜಾತದಂಥ ವರ್ಷಗಟ್ಟಲೆ ಬಾಳುವ ಗಿಡಗಳ ಕೆಳಗೆ ಹಾಳೆ ಹಾಸಿ ಅದರ ಮೇಲೆ ಚಕ್ಕೆ ಸುರಿಯುವ ಪದ್ಧತಿ ಬೇಡವೇ ಬೇಡ. ಕೊಳೆತ ಚಕ್ಕೆ ಮಣ್ಣಿಗೆ ತಲುಪುವುದಿಲ್ಲ, ಎರೆಹುಳು ಮೇಲೆ ಬರುವುದಿಲ್ಲ. ವೀಡ್ ಮ್ಯಾಟ್ ಬೇಕೆಂದರೆ ನಡೆದಾಡುವ ದಾರಿಯ ಕಲ್ಲಿನಡಿ ಹಾಕಿ.

14. ಬಣ್ಣಕ್ಕೆ ಬಣ್ಣ ಹೊಂದಿಸಿ

ಕಪ್ಪಿನ ಮೇಲೆ ತಿಳಿ ಬಣ್ಣ ಮುಂದೆ ಬರುತ್ತದೆ, ಗಾಢ ಬಣ್ಣ ಮುಳುಗುತ್ತದೆ. ಹಳದಿ ಡುರಾಂಟ, ಬಿಳಿ ಗೆರೆಯ ಸ್ಪೈಡರ್ ಗಿಡ, ಕ್ಯಾಲಾಡಿಯಂ, ನಂದಿಬಟ್ಟಲು, ಹಳದಿ ಸೇವಂತಿಗೆ ಇವೆಲ್ಲ ಕಪ್ಪು ಹಾಸಿನ ಮೇಲೆ ಅರಳಿ ನಿಲ್ಲುತ್ತವೆ. ಕಡು ನೇರಳೆ ಎಲೆಯ ಗಿಡಗಳು ಅಲ್ಲಿ ಕಾಣಿಸುವುದೇ ಇಲ್ಲ. ಪಾರಿಜಾತದ ಕೆಳಗೆ ಕಪ್ಪು ಎಲೆಗೊಬ್ಬರ ಹಾಕಿ. ಬೆಳಗ್ಗೆ ಉದುರಿದ ಹೂವಿನ ಬಿಳಿ ದಳ, ಕೇಸರಿ ತೊಟ್ಟು ಎರಡೂ ಸ್ಪಷ್ಟವಾಗಿ ಕಾಣುತ್ತವೆ, ಮಣ್ಣು ಮೆತ್ತದೆ ಪೂಜೆಗೂ ಆರಿಸಿಕೊಳ್ಳಬಹುದು. ದಟ್ಟ ನೆರಳಿನ ಮೂಲೆಗೆ ಕಪ್ಪು ಹಾಕಿದರೆ ಮಂಕು ಕವಿಯುತ್ತದೆ, ಅಲ್ಲಿಗೆ ತೆಂಗಿನ ನಾರಿನ ಕಂದು ಸಾಕು. ಮಣ್ಣಿನ ಕುಂಡದ ಕೆಂಪು ಕಪ್ಪಿಗೆ ಒಳ್ಳೆಯ ಜೋಡಿ. ಒಂದೇ ಅಂಗಳದಲ್ಲಿ ಎರಡು ಮೂರು ಬಗೆಯ ಕಪ್ಪು ಬೆರೆಸಬೇಡಿ.

ಅಡೇನಿಯಂ, ಕಳ್ಳಿ ಜಾತಿಯ ಗಿಡಗಳಿಗೆ ಬುಡದಲ್ಲಿ ತೇವ ನಿಂತರೆ ಕೊಳೆ ರೋಗ. ಅವಕ್ಕೆ ಕರಿಕಲ್ಲಿನ ಚೂರು ಸರಿ. ಚಾಮರಾಜನಗರದ ಕರಿಕಲ್ಲು ಹೊರದೇಶಗಳಲ್ಲೂ ಹೆಸರಾದದ್ದು. ಕಲ್ಲು ಕತ್ತರಿಸುವ ಕಡೆ ಉಳಿದ ಚೂರು ಸಿಕ್ಕರೆ ತಂದು, ತೊಳೆದು ಹಾಕಿ.

15. ಅಂಚು ಕಟ್ಟಿ

ಅಂಚಿಲ್ಲದ ಮುಚ್ಚಿಗೆ ಒಂದೇ ಮಳೆಗೆ ರಂಗೋಲಿ ಹಾಕುವ ಜಾಗಕ್ಕೆ ಬಂದು ಕೂರುತ್ತದೆ. ಪಾತಿಯನ್ನು ದಾರಿಗಿಂತ ಎರಡು ಇಂಚು ತಗ್ಗಿಸಿ, ಸುತ್ತ ಇಟ್ಟಿಗೆ, ಸೈಜುಕಲ್ಲು, ಕರಾವಳಿಯಲ್ಲಾದರೆ ಮುರಕಲ್ಲು ನಿಲ್ಲಿಸಿ. ಅಂಚಿನ ಗೆರೆ ನೇರವಾಗಿದ್ದರೆ ಸಾಧಾರಣ ತೋಟವೂ ಅಚ್ಚುಕಟ್ಟಾಗಿ ಕಾಣುತ್ತದೆ.

16. ಮಳೆಗಾಲಕ್ಕೆ ಲೆಕ್ಕ ಬದಲಿಸಿ

ಮಂಗಳೂರು, ಉಡುಪಿಯಂಥ ಊರುಗಳಲ್ಲಿ ಜೂನ್ ಬರುವ ಮುನ್ನ ಮುಚ್ಚಿಗೆಯನ್ನು ಒಂದು ಇಂಚಿಗೆ ಇಳಿಸಿ, ಮಿಕ್ಕಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ನೀರು ನಿಲ್ಲುವ ಪಾತಿಯಲ್ಲಿ ದಪ್ಪ ಮುಚ್ಚಿಗೆ ಬೇರನ್ನು ಉಸಿರುಗಟ್ಟಿಸುತ್ತದೆ. ಹುಳಿ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ, ಕೂಡಲೇ ಕೆದಕಿ ಒಣಗಿಸಿ. ಮುಚ್ಚಿಗೆಯ ಮೇಲೆ ಹಳದಿ ನೊರೆಯಂಥದ್ದು ಕಂಡರೆ ಹೆದರಬೇಡಿ, ಅದು ಗಿಡಕ್ಕೆ ಅಪಾಯವಿಲ್ಲದ ಲೋಳೆ ಬೂಷ್ಟು (ಸ್ಲೈಮ್ ಮೋಲ್ಡ್).

ನಿಜವಾದ ಶತ್ರು ಆಫ್ರಿಕನ್ ಬಸವನಹುಳು. ಬೆಂಗಳೂರಿನ ಅಂಗಳಗಳಲ್ಲೂ ಮಲೆನಾಡಿನ ತೋಟಗಳಲ್ಲೂ ಅದು ಮಳೆಗೆ ಎದ್ದು ಬರುತ್ತದೆ, ಹಗಲು ಮುಚ್ಚಿಗೆಯಡಿ ಅಡಗುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಗ್ಗೆ ಅಲ್ಲೇ ಗುಂಪಾಗಿ ಸಿಗುತ್ತವೆ. ಕೈಗವಸು ಹಾಕಿಯೇ ಆರಿಸಿ ಉಪ್ಪು ನೀರಿಗೆ ಹಾಕಿ, ಅವು ಮನುಷ್ಯರಿಗೂ ರೋಗ ತರುವ ಪರಾವಲಂಬಿ ಹುಳುಗಳನ್ನು ಹೊತ್ತಿರಬಹುದು. ಗುಲಾಬಿ ಬೆಳೆಸುವವರು ಮಾತ್ರ ಮಳೆಗಾಲದಲ್ಲೂ ತೆಳು ಮುಚ್ಚಿಗೆ ಉಳಿಸಿಕೊಳ್ಳಿ. ಮಣ್ಣಿನ ಹನಿ ಎಲೆಗೆ ಸಿಡಿಯದಿದ್ದರೆ ಕಪ್ಪು ಚುಕ್ಕೆ ರೋಗ ಹಿಡಿತದಲ್ಲಿರುತ್ತದೆ.

17. ಒಂದಿಷ್ಟು ಬರಿನೆಲ ಉಳಿಸಿ

ಇಡೀ ಅಂಗಳವನ್ನು ಮುಚ್ಚಿಬಿಡಬೇಡಿ. ತಾನಾಗಿ ಬೀಜ ಉದುರಿ ಹುಟ್ಟುವ ಕರ್ಣಕುಂಡಲ, ಚೆಂಡುಹೂವು, ತುಳಸಿ ಸಸಿಗಳಿಗೆ ತೆರೆದ ಮಣ್ಣು ಬೇಕು. ನಮ್ಮ ತೋಟಗಳ ನೀಲಿಪಟ್ಟಿ ಜೇನ್ನೊಣದಂಥ ಎಷ್ಟೋ ಒಂಟಿ ಜೇನುಗಳು ಗೂಡು ತೋಡುವುದು ಮಣ್ಣಿನಲ್ಲೇ. ಬದನೆ, ಟೊಮೆಟೊ ಹೂವನ್ನು ಗುಂಯ್‌ಗುಟ್ಟಿ ಅದುರಿಸಿ ಪರಾಗ ಉದುರಿಸುವ ಕೆಲಸಗಾರರು ಅವು. ಬಿಸಿಲು ಬೀಳುವ ಒಂದು ಮೂಲೆಯನ್ನು ಅವಕ್ಕೆ ಬಿಟ್ಟುಕೊಡಿ.

18. ಅಳೆದು ಸೇರಿಸಿ, ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡಿ

ಬಿಸಿಲಿಗೆ ಬಣ್ಣದ ಚಕ್ಕೆ ವರ್ಷದೊಳಗೆ ಬೂದು ತಿರುಗುತ್ತದೆ. ಮಾಸಿತೆಂದು ಹೊಸ ಚೀಲ ಸುರಿಯಬೇಡಿ. ಮೊದಲು ಹಲ್ಲುಕುಂಟೆಯಿಂದ ತಿರುವಿ, ಕೆಳಗಿನ ಕಪ್ಪು ಮೇಲೆ ಬರುತ್ತದೆ. ಆಮೇಲೆ ಶಾಲೆಯ ಸ್ಕೇಲು ಚುಚ್ಚಿ ಅಳೆಯಿರಿ. 2 ಇಂಚಿಗಿಂತ ಕಡಿಮೆ ಇದ್ದರೆ ಮಾತ್ರ ಒಂದು ಇಂಚು ಸೇರಿಸಿ.

ಮುಚ್ಚಿಗೆ ನಿಜಕ್ಕೂ ಉಪಯೋಗವೇ ಎಂಬ ಅನುಮಾನವಿದ್ದರೆ ಒಂದೇ ಪಾತಿಯ ಅರ್ಧಕ್ಕೆ ಹಾಕಿ, ಅರ್ಧ ಬಿಡಿ. ಒಂದು ಬೇಸಿಗೆ ಎರಡೂ ಕಡೆ ಒಂದೇ ಅಳತೆಯ ನೀರು ಹಾಕಿ. ಯಾವ ಕಡೆಯ ಗಿಡ ಮಧ್ಯಾಹ್ನ ಬಾಡುತ್ತದೆ, ಯಾವ ಕಡೆ ಕಳೆ ಕೀಳಬೇಕಾಗುತ್ತದೆ ಎಂಬುದನ್ನು ಮನೆಯವರೆಲ್ಲ ಕಣ್ಣಾರೆ ನೋಡಲಿ.

ಗಿಡಗಳ ನಡುವೆ ನೆಲ ಹಬ್ಬುವ ಸಸ್ಯಗಳನ್ನೂ ಈಗಲೇ ನೆಡಿ. ಅವು ಕೊಂಬೆ ಚಾಚಿ ಒಂದನ್ನೊಂದು ಮುಟ್ಟಿದ ಮೇಲೆ ನೆರಳು, ತೇವ, ತರಗೆಲೆ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತವೆ. ಮೊದಲ ವರ್ಷ ನಾಲ್ಕು ಚೀಲ ಬೇಕಾದ ಪಾತಿಗೆ ಮೂರನೆಯ ವರ್ಷ ಒಂದು ಸಾಕಾದರೆ ನೀವು ಸರಿ ದಾರಿಯಲ್ಲಿದ್ದೀರಿ. ಈ ಭಾನುವಾರ ಒಂದು ಪಾತಿಯಿಂದ ಶುರು ಮಾಡಿ: ಕಳೆ ಕೀಳಿ, ನೀರುಣಿಸಿ, ಬೀದಿಯ ಎಲೆ ಗುಡಿಸಿ ತನ್ನಿ.